ಸೂಜಿ ಹಾಕಿದ ಮೇಲಿನ ರೊಟ್ಟಿ

ಕೆಂಚವ್ವ ರೊಟ್ಟಿಬುಟ್ಟಿಯನ್ನು ತಿಪ್ಪೆಯ ಮೇಲೆ ಬೋರಲು ಹಾಕಿದಳು. ಹಿಂದೆಯೇ ಪಲ್ಯ ಹೋಯಿತು. ತಾಟಿನಲ್ಲಿ ಬಡಿಸಿಟ್ಟಿದ್ದ, ಯಾರೂ ಮುರಿಯದ ರೊಟ್ಟಿಯೂ ಹೋಯಿತು.

"ಸತ್ತ ಮನಿ ಅಡಗಿ. ಮಣ್ಣ ಆಗೂ ತನಕ ಈ ಮನ್ಯಾಗ ಯಾರ ಬಾಯಾಗೂ ಏನೂ ಹೋಗಂಗಿಲ್ಲ."

ಒಳಗೆ ಅವಳ ತಮ್ಮ ಗುಡದಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಗುಡಗೇರಿ ಸ್ಟೇಷನ್ನಿನಲ್ಲಿ ಜೋಳದ ಚೀಲ ಹೊತ್ತು ಬಾಗಿದ್ದ ಬೆನ್ನು ಇವತ್ತು ನೆಟ್ಟಗಿತ್ತು.

ಹೊತ್ತು ಏರಿದಂತೆ, ಕಾಲಬಳಿ ಕೂತಿದ್ದ ಹೆಂಡತಿ ತಾಯವ್ವನ ಅಳು ನಿಂತಿತು. ಕುಪ್ಪಸ ಬೆವರಿನಲ್ಲಿ ತೊಯ್ದಿತು. ಕೈ ನಡುಗಿತು. ಹೆಣವನ್ನು ನೋಡಿ ನಕ್ಕಳು.

ಭಜನೆಯ ಮುದಕಪ್ಪ ತಾಳ ಕೆಳಗಿಟ್ಟು ಕೈಮುಗಿದ. "ಗುಡದಪ್ಪ ಮೈಮ್ಯಾಲ ಬಂದಾನ!"

"ಬದುಕಿದ್ದಾಗ ಇಕಿ ಮುಂದ ಬಾಯಿ ಬಿಡದಂವ, ಈಗ ಬರ್ತಾನೇನ?" ಕೆಂಚವ್ವ ಗದರಿದಳು. ದನಿ ಮಾತ್ರ ಅಳುಕಿತ್ತು.

ಬಾಜು ಮನೆಯ ಮಾಬುಬಿ ಜನರನ್ನು ಸರಿಸಿ ಬಂದು ತಾಯವ್ವನ ಕೈ ಹಿಡಿದಳು. ತಣ್ಣಗಿತ್ತು.

"ಕೆಂಚಕ್ಕ, ಗುಡದಪ್ಪಣ್ಣ ಮುಂಜಾನೆ ಇಕಿಗೆ ಸೂಜಿ ಹಾಕ್ಯಾನೇನ?"

"ಹಾಕ್ಯಾನಂತ. ಸೂಜಿ ತಗದು 'ಉಣ್ಣು' ಅನ್ನೂದ್ರಾಗ ಬಿದ್ದನಂತ."

"ಮತ್ತ ಉಂಡಾಳೇನ?"

ಕೆಂಚವ್ವ ತಿಪ್ಪೆಯತ್ತ ತಿರುಗಿದಳು. ನಾಯಿಯೊಂದು ರೊಟ್ಟಿ ಎಳೆಯುತ್ತಿತ್ತು.

"ಎಚ್ಚರ ಐತಿ ಇನ್ನಾ. ಸಕ್ಕರಿ ನೀರ ಕುಡಸೂಣು," ಎಂದಳು ಮಾಬುಬಿ.

"ಸಕ್ಕರಿ ಬ್ಯಾನಿ ಇದ್ದಾಕಿಗೆ ಸಕ್ಕರಿನ? ಹುಚ್ಚಿ ಅದಿಯೇನ ಬೇ?" ಎಂದ ಮುದಕಪ್ಪ.

ಮಾಬುಬಿ ಆಗಲೇ ಮನೆಗೆ ಓಡಿದ್ದಳು.

* * *

ಎಂಬತ್ತಾರರ ಮುಂಗಾರಿನಲ್ಲಿ ತಾಯವ್ವನಿಗೆ ಇನ್ಸುಲಿನ್ ಸುರುವಾದಾಗ ಹುಬ್ಬಳ್ಳಿಯ ಡಾಕ್ಟರು ಗುಡದಪ್ಪನಿಗೆ ಸೂಜಿ ಹಾಕುವುದನ್ನು ಕಲಿಸಿದ್ದರು. "ಸಕ್ಕರಿ ಸಾವಕಾಶ ಇಳೀಬೇಕು. ಸೂಜಿ ಹಾಕಿ ಉಪವಾಸ ಇಟ್ರ ಪೂರಾ ಇಳದು ಜೀವಕ್ಕ ಬರ್ತದ" ಎಂದಿದ್ದರು. ಕ್ವಿಂಟಲ್ ಚೀಲ ಎತ್ತುವ ಕೈ ದಿನಾ ಮುಂಜಾನೆ ಸಿರಿಂಜು ಹಿಡಿಯತೊಡಗಿತು.

ತಾಯವ್ವ ಸೋಮವಾರದ ಒಪ್ಪತ್ತು ಬಿಡಲಿಲ್ಲ. ಮೊದಲ ಸೋಮವಾರವೇ ಹೀಗೆ ಬೆವತು, ನಕ್ಕು, ವಾಲಿದ್ದಳು. ಅವತ್ತು ಗುಡದಪ್ಪ ಸಕ್ಕರೆ ಬೇಡಿ ಓಡಿದ್ದು ಮಾಬುಬಿಯ ಮನೆಗೆ.

"ನನ್ನ ವ್ರತ ಕೆಡಿಸಿದ್ರಿ," ಎಂದು ತಾಯವ್ವ ಆಮೇಲೆ ಅತ್ತಿದ್ದಳು.

"ದೇವರ ಕೇಳಿದ್ರ ನನ್ನ ಹೆಸರ ಹೇಳು," ಎಂದಿದ್ದ ಗುಡದಪ್ಪ.

ಅಂದಿನಿಂದ ರೊಟ್ಟಿ ತಾಟಿಗೆ ಬೀಳದೆ ಅವನು ಸೂಜಿ ಮುಟ್ಟಲಿಲ್ಲ.

* * *

ಸಕ್ಕರೆ ನೀರು ಗುಟುಕು ಗುಟುಕಾಗಿ ಇಳಿಯಿತು. ಸ್ವಲ್ಪ ಹೊತ್ತಿಗೆ ತಾಯವ್ವನ ನಡುಕ ನಿಂತಿತು. ಕಣ್ಣು ಸುತ್ತಲಿನವರನ್ನು ಒಬ್ಬೊಬ್ಬರಾಗಿ ಗುರುತಿಸಿತು. ಕೊನೆಗೆ ಗಂಡನ ಮೇಲೆ ನಿಂತು ತುಂಬಿತು.

"ಹೋದ ಜೀವ ಬಂತಲ್ಲೋ," ಮುದಕಪ್ಪ ಪಿಸುಗುಟ್ಟಿದ.

"ಸೂಜಿ ಔಷಧ ಇನ್ನಾ ಮೈಯಾಗ ಐತಿ. ಈಗ ರೊಟ್ಟಿ ತಿನ್ನದಿದ್ರ ಸಕ್ಕರಿ ಮತ್ತ ಇಳೀತೈತಿ," ಮಾಬುಬಿ ತನ್ನ ಮನೆಯ ಬುಟ್ಟಿ ಮುಂದಿಟ್ಟಳು.

ತಾಯವ್ವ ಮುಖ ತಿರುಗಿಸಿದಳು. "ಹೆಣದ ಮುಂದ ಹೆಂಗ ತಿನ್ಲಿ? ಅವರ ಮಣ್ಣ ಆಗ್ಲಿ."

ಕೆಂಚವ್ವ ತಮ್ಮನ ಎದುರಿಗೆ ಬಂದು ಕೂತಳು. ಮಾಬುಬಿಯ ಬುಟ್ಟಿಯಿಂದ ರೊಟ್ಟಿ ಎತ್ತಿ, ಮುರಿದು, ಮೊದಲ ತುತ್ತನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ಅಗಿಯುತ್ತ ಅಗಿಯುತ್ತ ಅತ್ತಳು. ಎರಡನೆಯದನ್ನು ತಾಯವ್ವನ ತುಟಿಗೆ ಒಡ್ಡಿದಳು.

ಆ ತುಟಿ ನಿಧಾನ ತೆರೆಯಿತು.

ಮುದಕಪ್ಪ ಕೈ ಚಾಚಿ ಒಂದು ಚೂರು ತೆಗೆದುಕೊಂಡ. ಅವನ ಹಿಂದಿನವನೂ ತೆಗೆದುಕೊಂಡ. ಬುಟ್ಟಿ ಕೈಯಿಂದ ಕೈಗೆ ದಾಟುತ್ತ ಬಾಗಿಲ ತನಕ ಹೋಯಿತು. ಪಡಸಾಲೆಯ ತುಂಬ ಕಟಕಟ ರೊಟ್ಟಿ ಮುರಿಯುವ ಸದ್ದು.