ಕಂಬದ ಹತ್ತಿರದ ಕುರ್ಚಿ

“ಆಲ್ಬಮ್ ಸಾವಕಾಶ ಆಗ್ಲಿರೀ, ಅದಕ್ಕೇನ್ ಅವಸರಿಲ್ಲ. ಮೊದಲ ನಮ್ಮವ್ವನ ಫೋಟೋ ಒಂದು ದೊಡ್ಡದ ಮಾಡಿ ಕೊಡ್ರಿ,” ಎಂದರು ಪ್ರಲ್ಹಾದರಾಯರು, ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತ.

ವಿನೀತ ಕಂಪ್ಯೂಟರಿನಿಂದ ತಲೆ ಎತ್ತಿದ. ಮಾತು ಕಿವಿಗೆ ಇಳಿಯುವ ಮೊದಲೇ ಅವನ ಕಣ್ಣಿಗೆ ಬಿದ್ದದ್ದು ರಾಯರ ತಲೆ. ಮಗಳ ಮದುವೆಯಲ್ಲಿ ಬಣ್ಣ ಹಚ್ಚಿ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ್ದ ಕೂದಲು ಈಗ ಇರಲಿಲ್ಲ. ಬೋಳಿಸಿದ ತಲೆಯ ಮೇಲೆ ಬೆಳ್ಳಗೆ ಸಣ್ಣ ಚಿಗುರು. ಅವರ ಹಿಂದೆ ಮಗಳು ಶರ್ವರಿ ನಿಂತಿದ್ದಳು. ಎರಡು ತಿಂಗಳ ಹಿಂದೆ ಅವನ ಕ್ಯಾಮೆರಾದ ಮುಂದೆ ಮದುಮಗಳಾಗಿ ಮಿಂಚಿದ್ದ ಹುಡುಗಿ. ಇವತ್ತು ಕಣ್ಣ ಕೆಳಗೆ ಕಪ್ಪು.

“ಅಜ್ಜಿ...?”

“ಹೋದ್ಲರೀ. ಮಲಗಿದಾಕಿ ಏಳಲಿಲ್ಲ. ಯಾರ ಕಡಿಂದನೂ ಒಂದು ವಾಟೆ ನೀರು ಸುದ್ದಾ ಕೇಳಲಿಲ್ಲ.” ರಾಯರು ಸ್ಟೂಲಿನ ಮೇಲೆ ಕೂತರು. “ಮುಂದಿನ ವಾರ ಮೊದಲನೆ ಮಾಸಿಕ ಅದ. ಅಷ್ಟರೊಳಗ ಸಿಕ್ಕರ ಬೇಷ್. ಅಪ್ಪನ ಫೋಟೋದ ಬಾಜೂಕ ಮೊಳಿ ಹೊಡದು ಇಟ್ಟೀನಿ.”

ಪುಣೆಯ ಕಾತ್ರಜದ ರಸ್ತೆಯ ಮೇಲಿನ ಆ ಮೊದಲ ಮಹಡಿಯ ಸ್ಟುಡಿಯೋದಲ್ಲಿ ಸಾತಾರಾ ಕಡೆಯ ಬಸ್ಸು ಹೋದಾಗಲೆಲ್ಲ ಗಾಜು ನಡುಗುತ್ತದೆ. ಈಗಲೂ ಒಂದು ಬಸ್ಸು ಹೋಯಿತು. ವಿನೀತ ಕೇಳಿದ: “ಮೊಬೈಲ್‌ನ್ಯಾಗ ಯಾವುದರೆ ಅದ ಏನ್ರಿ? ಸುಮ್ನ ಕೇಳ್ತೀನಿ.”

ಶರ್ವರಿ ನಕ್ಕಳು. “ಅಜ್ಜಿ ಮೊಬೈಲ್ ಕಂಡ್ರ ಕೈ ಅಡ್ಡ ಹಿಡೀತಿದ್ಲು. ನನ್ನ ಫೋನ್ ತುಂಬ ಬರೇ ಆಕಿ ಅಂಗೈನೇ ಅದ. ಆಧಾರ ಕಾರ್ಡಿನ ಫೋಟೋ ನೋಡಿ, ‘ಇದ್ಯಾವ ಕಳ್ಳೀನ ಹಿಡದಾರ’ ಅಂತ ಆಕೀನೇ ಅಂಜಿದ್ಲು.”

“ಮೊಬೈಲ್ ಯಾಕ್ರೀ, ನಿಮ್ಮ ಹತ್ರನೇ ಅದ ಅಲ್ಲ?” ಎಂದರು ರಾಯರು. “ಮದವಿ ಮುಗಿಸಿ ಮನೀಗೆ ಬಂದಮ್ಯಾಲ ಎಲ್ಲಾರ್ನೂ ಕೂಡಿಸಿ ಹೇಳಿದ್ಲು: ‘ನಂದು ಫೋಟೋದ ಕೆಲಸ ಆತು. ಆ ಹುಡುಗ ಭಾಳ ಶಾಣ್ಯಾ. ಒಂದಲ್ಲ, ಬೇಕಾದಷ್ಟು ತಗದಾನ. ನಾ ಹೋದಮ್ಯಾಲ ಅದರಾಗಿಂದ ಛಲೋದೊಂದು ಆರಿಸಿ ನಿಮ್ಮಪ್ಪನ ಬಾಜೂಕ ಹಾಕ್ರಿ.’ ನಿಮ್ಮ ಮ್ಯಾಲ ಆಕೀಗೆ ಅಷ್ಟು ಭರೋಸಾ ರೀ.”

ವಿನೀತ ಎದ್ದು ನಿಂತ. “ನಾಳೆ ಮುಂಜಾನೆ ಬರ್ರಿ,” ಎಂದಷ್ಟೇ ಹೇಳಿದ. ತಂದೆ-ಮಗಳು ಮೆಟ್ಟಿಲಿಳಿದು ಹೋದರು.

ಅವನಿಗೆ ಎಲ್ಲ ನೆನಪಿತ್ತು. ಅಂಬಾಬಾಯಿ, ಎಲ್ಲರ ಬಾಯಲ್ಲಿ ಅಂಬಾ ಅಜ್ಜಿ, ಮದುವೆಯ ದಿನ ಬೆಳಿಗ್ಗೆ, ಅಲ್ಲಿಯವರು ಕಾರ್ಯಾಲಯ ಎನ್ನುವ ಕಲ್ಯಾಣಮಂಟಪದ ಬಾಗಿಲಲ್ಲೇ ಅವನ ಅಂಗಿಯ ತೋಳು ಹಿಡಿದಿದ್ದಳು. ಹಸಿರು ಇಳಕಲ್ ಸೀರೆ, ಕೊರಳಲ್ಲಿ ತುಳಸಿಮಣಿ. “ತಮ್ಮಾ, ನಂದೊಂದು ಛಂದ ತಗೀಪಾ. ನಾ ನಗೋದಿಲ್ಲ ಮತ್ತ, ಹಲ್ಲಿಲ್ಲ. ಬಾಯಿ ಮುಚ್ಚಿಕೊಂಡು ಕೂಡ್ತೀನಿ, ನಡೀತದಲ್ಲ?”

“ನಡೀತದ ಅಜ್ಜಿ. ಆ ಕಂಬದ ಹತ್ರ ಕುರ್ಚಿ ಅದ ನೋಡ್ರಿ, ಅಲ್ಲೇ ಕೂಡ್ರಿ. ಬಂದು ತಗೀತೀನಿ.”

ಹೋಗಲಿಲ್ಲ. ಹೋಗಬಾರದೆಂದೇನೂ ಇರಲಿಲ್ಲ. ಆ ಕಾರ್ಯಾಲಯದಲ್ಲಿ ಒಂದು ಎತ್ತರದ ಕಿಟಕಿ ಇತ್ತು, ಅದರಿಂದ ಬಿಸಿಲಿನ ಒಂದು ಕೋಲು ಇಳಿದು ಮೆಲ್ಲಗೆ ಮಂಟಪದ ಕಡೆ ಸರಿಯುತ್ತಿತ್ತು. ಸರಿಯಾಗಿ ಮುಹೂರ್ತದ ಹೊತ್ತಿಗೆ ಅದು ವಧೂವರರ ನಡುವಿನ ಅಂತರಪಟದ ಮೇಲೆ ಬೀಳುತ್ತದೆ ಎಂದು ವಿನೀತ ಲೆಕ್ಕ ಹಾಕಿದ್ದ. ಆ ದಿನ ಅವನ ಕಣ್ಣಿಗೆ ಆ ಬಿಸಿಲೊಂದೇ ನೆಂಟ. ಹೋಮದ ಹೊಗೆ, ಮದುಮಗಳ ರೆಪ್ಪೆ, ಅರಿಶಿನದ ಬೆರಳು, ಇವುಗಳ ಹಿಂದೆ ಓಡಿದ. ಲೆನ್ಸಿನ ಬಾಯಿ ಪೂರ್ತಿ ತೆರೆದು ತೆಗೆಯುವುದು ಅವನ ರೀತಿ. ಮುಂದಿನ ಒಂದು ಕಣ್ಣೋ ಒಂದು ಮೂಗುತಿಯೋ ಮಾತ್ರ ಕತ್ತರಿಸಿದ ಹಾಗೆ ಸ್ಪಷ್ಟ, ಹಿಂದಿನದೆಲ್ಲ ಕರಗಿದ ಬೆಣ್ಣೆ. ಪುಣೆಯ ಜನ ಅದಕ್ಕೇ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಲೆಕ್ಕ ತಪ್ಪಲಿಲ್ಲ. ಅಂತರಪಟ ಸರಿದ ಕ್ಷಣ, ಬಿಸಿಲಲ್ಲಿ ತೇಲುವ ಅಕ್ಷತೆ, ಅದರ ನಡುವೆ ಶರ್ವರಿಯ ಅರೆತೆರೆದ ಕಣ್ಣು: ಆ ಚಿತ್ರ ಊರಿನ ದೊಡ್ಡ ಪ್ರದರ್ಶನಕ್ಕೆ ಆಯ್ಕೆಯಾಗಿತ್ತು. ಚೌಕಟ್ಟು ಹಾಕಿಸಿ ಗೋಡೆಗೆ ಒರಗಿಸಿಟ್ಟಿದ್ದ. ನಾಳೆ ಟೆಂಪೋದವನು ಬಂದು ಒಯ್ಯುವವನಿದ್ದ. ಹತ್ತು ವರ್ಷದಿಂದ ಕಾದಿದ್ದ ದಿನ.

ಈ ಕೆಲಸ ಅವನಿಗೆ ಕಲಿಸಿದವರು ಪಿಂಪ್ರಿಯ ಸಿದ್ದಾರೂಢ ಮಾಮಾ. ಕಾರ್ಖಾನೆಯ ಕೆಲಸಕ್ಕೆಂದು ಬಂದು ಫೋಟೋದ ಹುಚ್ಚಿಗೆ ಬಿದ್ದ ಮನುಷ್ಯ. ಬೆಳಗಾವಿ, ಧಾರವಾಡ ಕಡೆಯವರ ಮದುವೆ ಇದ್ದರೆ ಅವರೇ ಬೇಕು. ಮಾಮಾನ ಪದ್ಧತಿ ಒಂದೇ. ಮದುವೆಯ ಮನೆಗೆ ಹೋದವರೇ ಮೊದಲು ಎರಡು ಕುರ್ಚಿ ಹಾಕಿಸಿ ಮುದುಕ-ಮುದುಕಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿ, ಎದೆ ಎತ್ತರಕ್ಕೆ ನೆಟ್ಟಗೆ, ಬಾಗಿಲಿನ ಬೆಳಕಿನಲ್ಲಿ ಒಂದೊಂದು ತೆಗೆದು ಮುಗಿಸುವುದು. ಮಂಟಪದ ಕಡೆ ತಿರುಗಿ ನೋಡುವುದು ಆಮೇಲೆ.

“ಇವೆಲ್ಲಾ ಪಾಸ್‌ಪೋರ್ಟ್ ಫೋಟೋ ಆದಂಗ ಆಗ್ತಾವಲ್ರಿ ಮಾಮಾ,” ಎಂದು ಆಗಿನ ವಿನೀತ ಗೇಲಿ ಮಾಡಿದ್ದ.

“ಪಾಸ್‌ಪೋರ್ಟೇ ಮಗನ. ಮ್ಯಾಲ ಹೋಗಾಕ ಬೇಕಲ್ಲ,” ಎಂದು ಮಾಮಾ ಎಲೆಅಡಿಕೆಯ ಬಾಯಿ ತುಂಬ ನಕ್ಕಿದ್ದರು. “ಹೊಗಿ, ಹೂವು, ಅಕ್ಕಿಕಾಳು ಎಲ್ಲಾ ಮುಂದಿನ ಮದವಿಯೊಳಗೂ ಸಿಗ್ತಾವ. ಇವರು ಸಿಗ್ತಾರೇನು?”

ಇನ್ನೊಮ್ಮೆ ಗಂಭೀರವಾಗಿಯೇ ಕೇಳಿದ್ದ: ದೊಡ್ಡ ಫೋಟೋಗ್ರಾಫರ್ ಆಗಬೇಕಾದರೆ ಏನು ಬೇಕು? ಮಾಮಾ ಯೋಚಿಸಿದ ಹಾಗೂ ಕಾಣಲಿಲ್ಲ. “ಮೊದಲ ನಾಷ್ಟಾ ಮಾಡು. ಆಮ್ಯಾಲ, ಭಾಳ ಹೊತ್ತಿನಿಂದ ತಯಾರಾಗಿ ಯಾರು ಕುಂತಾರ ನೋಡು. ಅಷ್ಟ ಐತಿ.” ವಿನೀತ ಇದನ್ನು ಗೆಳೆಯರಿಗೆಲ್ಲ ಹೇಳಿ ನಗಿಸಿದ್ದ. ಲೆನ್ಸಿನ ಸುದ್ದಿ ಇಲ್ಲ, ಬೆಳಕಿನ ಸುದ್ದಿ ಇಲ್ಲ, ಉಪ್ಪಿಟ್ಟಿನ ಸುದ್ದಿ!

ಅವತ್ತು ಮಧ್ಯಾಹ್ನ ಊಟ ಬಿಟ್ಟು ಆ ಮದುವೆಯ ಚಿತ್ರಗಳನ್ನೆಲ್ಲ ಮೊದಲಿನಿಂದ ತೆರೆದ. ವೇದಿಕೆಯ ಮೇಲಿನ ಕುಟುಂಬದ ಚಿತ್ರಗಳಲ್ಲಿ ಅಜ್ಜಿ ಇರಲಿಲ್ಲ. ಮೊಣಕಾಲು ನೋವು, ಮೆಟ್ಟಿಲು ಹತ್ತಲಾರೆ, “ನಂದು ಇಲ್ಲೇ ತಗೀತಾನ” ಎಂದು ಕೆಳಗೇ ಕೂತದ್ದು ಈಗ ನೆನಪಾಯಿತು. ಸಾಲಾಗಿ ನೋಡುತ್ತ ಹೋದ. ಎಲ್ಲೂ ಇಲ್ಲ.

ಆಮೇಲೆ ಮದುಮಗಳ ಮೂಗುತಿಯ ಒಂದು ಚಿತ್ರದಲ್ಲಿ, ಹಿಂದೆ, ಕಂಬದ ಪಕ್ಕ ಒಂದು ಹಸಿರು ಮಸುಕು ಕಂಡಿತು. ಹಿಂದಿನ ಚಿತ್ರಕ್ಕೆ ಹೋದ. ಅಲ್ಲೂ ಇತ್ತು. ಹೋಮದ ಹೊಗೆಯ ಹಿಂದೆ ಇತ್ತು. ಅರಿಶಿನದ ಬೆರಳಿನ ಹಿಂದೆ ಇತ್ತು. ಮುಖವಿಲ್ಲ, ಕಣ್ಣಿಲ್ಲ, ಆದರೆ ಕೂತ ರೀತಿ ಮಾತ್ರ ಎಷ್ಟು ಕರಗಿದರೂ ಗುರುತು ಸಿಗುತ್ತಿತ್ತು. ಬೆನ್ನು ನೆಟ್ಟಗೆ, ಎರಡೂ ಕೈ ಮೊಣಕಾಲ ಮೇಲೆ. ಸಾಲಾಗಿ ಬೇಗ ಬೇಗ ಓಡಿಸಿದಾಗ ಅವನಿಗೆ ಅರ್ಥವಾಯಿತು. ಲೆನ್ಸು ಬೇರೆ ಕಡೆ ತಿರುಗುತ್ತಿದ್ದಂತೆ ಹಸಿರು ಮಸುಕು ಸ್ವಲ್ಪ ಕುಗ್ಗುತ್ತಿತ್ತು. ತನ್ನ ಕಡೆ ತಿರುಗಿದ ಕೂಡಲೆ ಕೈ ಮೇಲೆದ್ದು ಸೆರಗು ಸರಿಮಾಡಿಕೊಂಡು, ಮತ್ತೆ ಬೆನ್ನು ನೆಟ್ಟಗೆ, ಕೈ ಮೊಣಕಾಲ ಮೇಲೆ. ಮತ್ತೆ, ಮತ್ತೆ. ಅವನು ಬೇರೆ ಏನನ್ನೋ ತೆಗೆಯುತ್ತಿದ್ದ. ಅವಳು ಪ್ರತಿ ಸಲವೂ ತನ್ನದನ್ನೇ ತೆಗೆಸಿಕೊಂಡಿದ್ದಳು.

ಬೇಕಾದಷ್ಟು ತೆಗೆದಿದ್ದ, ನಿಜ.

ಗೋಡೆಗೆ ಒರಗಿಸಿದ ದೊಡ್ಡ ಚಿತ್ರದ ಕಡೆ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಮಸುಕನ್ನು ತಿದ್ದಿ ಮುಖ ಬಿಡಿಸುವ ಹೊಸ ತಂತ್ರಾಂಶವೊಂದು ಅವನಲ್ಲಿತ್ತು; ಸಂಜೆಯವರೆಗೆ ಅದರ ಮುಂದೆ ಕೂತ. ಕೊನೆಗೆ ಅದು ಒಂದು ಅಜ್ಜಿಯನ್ನು ಮಾಡಿಕೊಟ್ಟಿತು. ಶಾಂತವಾದ ಕಣ್ಣು, ಹದವಾದ ಸುಕ್ಕು. ತಪ್ಪೇನೂ ಕಾಣಲಿಲ್ಲ. ಅಥವಾ ಕಾಣದ ಹಾಗೆ ನೋಡಿದ.

ಮರುದಿನ ಮುಂಜಾನೆ ರಾಯರು ಆ ಚಿತ್ರದ ಮುಂದೆ ಕೂತು ಕನ್ನಡಕ ಏರಿಸಿದರು, ಇಳಿಸಿದರು, ಮತ್ತೆ ಏರಿಸಿದರು.

“ಭಾಳ ಛಂದ ಅದರೀ,” ಎಂದರು ಕೊನೆಗೆ, ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರು ಹೊಗಳುವವರಂತೆ. “ಇವರು... ಯಾರ ಪೈಕಿ?”

“ಅಪ್ಪಾ, ಅಜ್ಜಿ ಅಂತ,” ಎಂದಳು ಶರ್ವರಿ. ಪರದೆಯ ಹತ್ತಿರ ಬಗ್ಗಿ ನೋಡಿ, “ಅಜ್ಜಿಗೆ ಹಲ್ಲು ಯಾವಾಗ ಬಂದ್ವು?” ಎಂದಳು. ನಗಲಿಕ್ಕೆಂದೇ ಹೇಳಿದ್ದು. ಯಾರೂ ನಗಲಿಲ್ಲ.

ಮುಚ್ಚಿದ ಬಾಯಿಯನ್ನು ಅದು ತೆರೆದು ಹಲ್ಲು ಜೋಡಿಸಿಬಿಟ್ಟಿತ್ತು. ನಾ ನಗೋದಿಲ್ಲ ಮತ್ತ, ಎಂದಿದ್ದಳು.

“ಇದು ಅಜ್ಜಿ ಅಲ್ರಿ,” ಎಂದ ವಿನೀತ. “ಮಷೀನ್ ಮಾಡಿದ್ದು. ನಾ ಅಜ್ಜೀದು ತಗದೇ ಇಲ್ಲ. ಕೂಡ್ರಿ, ಬರ್ತೀನಿ ಅಂದೆ. ಹೋಗಲಿಲ್ಲ.”

“ಅಲ್ರೀ, ಬೇಕಾದಷ್ಟು ತಗದಾನ ಅಂದ್ಲಲ್ಲ ನಮ್ಮವ್ವ? ಸುಳ್ಳು ಹೇಳಾಕಿ ಅಲ್ಲ ಆಕಿ.”

“ಸುಳ್ಳಲ್ರಿ. ನೋಡ್ರಿ.”

ಒಂದೊಂದಾಗಿ ತೋರಿಸಿದ. ಮೊದಲು ರಾಯರಿಗೆ ಏನು ನೋಡಬೇಕೆಂದೇ ತಿಳಿಯಲಿಲ್ಲ. ವಿನೀತ ಬೆರಳಿಟ್ಟು ತೋರಿಸಬೇಕಾಯಿತು. ಹಸಿರು ಮಸುಕು ಸೆರಗು ಸರಿಮಾಡಿಕೊಂಡಿತು, ನೆಟ್ಟಗೆ ಕೂತಿತು, ಕುಗ್ಗಿತು, ಮತ್ತೆ ಸೆರಗಿಗೆ ಕೈ ಹಾಕಿತು. ರಾಯರು “ಅಯ್ಯ, ಅವ್ವಾ” ಎಂದು ಒಮ್ಮೆ ನಕ್ಕರು. ಆಮೇಲೆ ನಗಲಿಲ್ಲ. ಬೋಳುತಲೆಯ ಮೇಲೆ ಅಂಗೈ ಇಟ್ಟುಕೊಂಡು ನೋಡಿದರು.

ಮುಹೂರ್ತದ ಚಿತ್ರ ಬಂತು. ಚೌಕಟ್ಟಿನಲ್ಲಿದ್ದದ್ದೇ. ಹಿಂದೆ ಜನರೆಲ್ಲ ಮಸುಕು ಮಸುಕು, ಎಲ್ಲರ ತೋಳೂ ಮೇಲೆದ್ದಿವೆ, ಎಲ್ಲರೂ ಅಕ್ಷತೆ ಎಸೆಯುತ್ತಿದ್ದಾರೆ. ಕಂಬದ ಹತ್ತಿರ ಒಂದು ಮಸುಕಿನ ತೋಳು ಮಾತ್ರ ಎದ್ದಿಲ್ಲ. ಬೆನ್ನು ನೆಟ್ಟಗೆ. ಕೈ ಎರಡೂ ಮೊಣಕಾಲ ಮೇಲೆ.

ಶರ್ವರಿ ಬಾಯಿಗೆ ಕೈ ಹಿಡಿದಳು.

“ಅಪ್ಪಾ, ಆ ಅಕ್ಷತಿ! ಸಂಜೀಕ ನಾ ಹೊರಡೋ ಮುಂದ ಅಜ್ಜಿ ಸೆರಗಿನ ಗಂಟು ಬಿಚ್ಚಿ ನನ್ನ ತಲೀಮ್ಯಾಲ ಹಾಕಿದ್ಲಲ್ಲ? ‘ಆಗ ಹಾಕೋದು ತಪ್ಪಿತು ನೋಡವಾ’ ಅಂದ್ಲು. ನಾವೆಲ್ಲಾ ಎಷ್ಟು ಚಾಷ್ಟಿ ಮಾಡಿದ್ವಿ, ಮಮ್ಮಗಳ ಮುಹೂರ್ತದಾಗ ನಿದ್ದಿ ಮಾಡಿದಿ ಅಂತ.”

“ಸುಮ್ನ ನಕ್ಕಿದ್ಲು,” ಎಂದರು ರಾಯರು.

“ಅಲ್ಲಾಡಿದ್ರ ಫೋಟೋ ಕೆಡ್ತದ ಅಂತ ಕೂತಿದ್ಲಪ್ಪಾ ಆಕಿ.”

ಕೆಳಗೆ ಬಸ್ಸು ಹೋಯಿತು. ಗಾಜು ನಡುಗಿ ನಿಂತಿತು. ವಿನೀತನಿಗೆ ಮಾಮಾನ ಮಾತು ಈಗ ನಗೆ ತರಿಸಲಿಲ್ಲ. ಮಾಮಾ ಇದ್ದಿದ್ದರೆ ಹೋಗಿ ಬೈಸಿಕೊಳ್ಳಬಹುದಿತ್ತು. ಅವರು ತೀರಿ ಮೂರು ವರ್ಷವಾಗಿತ್ತು. ಅವರದೂ ಒಂದು ಚಿತ್ರ ಇವನು ತೆಗೆದಿರಲಿಲ್ಲ.

“ನಾ ಆ ಫೋಟೋ ಪ್ರದರ್ಶನಕ್ಕ ಕಳಸಂಗಿಲ್ರಿ,” ಎಂದ, ಚೌಕಟ್ಟಿನ ಕಡೆ ಕೈ ತೋರಿಸಿ. “ಟೆಂಪೋದವ್ನ ವಾಪಸ್ ಕಳಸ್ತೀನಿ.”

“ಯಾಕ?” ರಾಯರ ದನಿ ಮೊದಲ ಸಲ ಗಟ್ಟಿಯಾಯಿತು. “ಅಷ್ಟು ಹೊತ್ತು ಅಲ್ಲಾಡದ ಕೂತಾಳ ನಮ್ಮವ್ವ. ಇದೊಂದನ್ನೂ ಕೆಡಸ್ತೀರೇನು? ಕಳಸ್ರಿ. ನಾಕು ಮಂದಿ ನೋಡ್ಲಿ.”

“ಮನೀಗೆ ಏನ್ ಹಾಕ್ತೀರಿ?”

“ಏನ್ ಹಾಕೋದ್ರೀ?” ರಾಯರು ಎದ್ದು ನಿಂತರು. ಎರಡು ಹೆಜ್ಜೆ ಇಟ್ಟು, ಹಿಂದಿರುಗಿ ಪರದೆಯನ್ನು ನೋಡಿದರು. ಬೈಯುತ್ತಾರೆಂದು ವಿನೀತ ಕಾದ. ಬೈದಿದ್ದರೆ ಹಗುರಾಗುತ್ತಿತ್ತೇನೋ. “ಮೊಳಿ ಅದ. ಇರ್ಲಿ. ಅಲ್ಲೇ ನಮಸ್ಕಾರ ಮಾಡ್ತೀನಿ.”

“ಆ ಅಂಗೈ ಫೋಟೋ ಹಾಕೋಣ ಅಪ್ಪಾ,” ಎಂದಳು ಶರ್ವರಿ ಮೆಲ್ಲಗೆ.

“ಹುಚ್ಚಿ,” ಎಂದರು ರಾಯರು. “ನಡಿ.”

ಅವರು ಮೆಟ್ಟಿಲಿಳಿದ ಸ್ವಲ್ಪ ಹೊತ್ತಿಗೆ ಟೆಂಪೋದವನು ಬಂದ. ಚೌಕಟ್ಟನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದು, ಎಲ್ಲಾದರೂ ಗೀರು ಬಿದ್ದಿದೆಯೇ ಎಂದು ಮೇಲಿನಿಂದ ಕೆಳಗೆ ನೋಡಿದ. ಒಂದು ಕಡೆ ಅವನ ಕಣ್ಣು ನಿಂತಿತು. ಚೌಕಟ್ಟನ್ನು ಮೊಣಕಾಲಿಗೆ ಆನಿಸಿಕೊಂಡು, ಕಂಬದ ಹತ್ತಿರದ ಆ ಹಸಿರು ಕಲೆಯ ಮೇಲೆ ಬಾಯಿಯ ಉಸಿರು ಊದಿ, ತೋಳಿನಿಂದ ಒರೆಸಿದ. ಹೋಗಲಿಲ್ಲ. ಕಿಸೆಯಿಂದ ಕರವಸ್ತ್ರ ತೆಗೆದು, ಇನ್ನೊಮ್ಮೆ ಊದಿ, ಗಟ್ಟಿಯಾಗಿ ಒರೆಸತೊಡಗಿದ.