ಎರಡು ಅಂದ್ರ ನೋಡೂಣ್ರಿ

ಮುರುಗೆಪ್ಪನವರ ವಧು-ವರ ಕೇಂದ್ರದ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದದ್ದೇ ತಡ, ಪುಣೆಯ ಕನ್ನಡಿಗರ ಮದುವೆಗಳು ನಿಂತುಹೋದವು. ಸದಾಶಿವ ಪೇಠದ ಒಂದು ವಾಡೆಯ ಮಹಡಿಯಲ್ಲಿ, ಕೋಚಿಂಗ್ ಕ್ಲಾಸಿನ ಪಕ್ಕದ ಖೋಲಿಯಲ್ಲಿ ಆ ಕೇಂದ್ರ. ಅದರ ಹುಡುಗ ಹುಡುಗಿಯರೆಲ್ಲ ಆಕ್ಸೆಸ್ ಎಂಬ ಡೇಟಾಬೇಸಿನ ಒಂದೇ ಫೈಲಿನಲ್ಲಿ ವಾಸವಾಗಿದ್ದರು. ಫೈಲು ತೊಂಬತ್ತೇಳರ ಕಾಲದ್ದು. ಹೊಸ ಕಂಪ್ಯೂಟರಿನ ಎಂಎಸ್ ಆಫೀಸ್ ಅದನ್ನು ಮೂಸಿ ನೋಡಿ, ಇಷ್ಟು ಹಳೆಯ ಮನೆತನದ ಬಾಗಿಲು ನನ್ನಿಂದ ತೆರೆಯಲಾಗದು ಎಂದು ಮುಖ ತಿರುಗಿಸಿತು.

ತಿರುಗಿದ ಮುಖವನ್ನು ಒಲಿಸಲು ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಿಂದ ಶನಿವಾರ ಶನಿವಾರ ಬರುತ್ತಿದ್ದವನು ಅವಿನಾಶ್, ಚಾಮರಾಜನಗರದ ಕಡೆಯವನು. ಮಾಡುತ್ತಿದ್ದದ್ದು ಸ್ವಯಂಸೇವೆ, ಅಂದರೆ ಸ್ವಂತಕ್ಕೆ ಮಾಡಿಕೊಳ್ಳುವ ಸೇವೆ. ಆ ಫೈಲಿನಲ್ಲಿ ಅವನೂ ಒಬ್ಬ ವರ, ಪುಣೆಯದೇ ಖಡಕಿಯ ಶಿವಾನಿ ಒಬ್ಬಳು ವಧು. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದ ಹೊರಗೆ ಅವಳನ್ನು ಒಂದೇ ಸಲ ಕಂಡಿದ್ದ. ಮೀಟರ್ ಹಾಕದ ರಿಕ್ಷಾದವನಿಗೆ ಅವಳು ಮರಾಠಿಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಬೈದಳೆಂದರೆ, ಒಂದಕ್ಷರ ಅರ್ಥವಾಗದ ಅವಿನಾಶನಿಗೂ ತಾನೇ ಕ್ಷಮೆ ಕೇಳಬೇಕೆನಿಸಿತು. ಮದುವೆಯಾದರೆ ಇವಳನ್ನೇ ಎಂದುಕೊಂಡು ಮುರುಗೆಪ್ಪನವರಿಂದ ಕೇಳಿಸಿದ. ಖಡಕಿಯವರು ನೋಡೂಣ್ರಿ ಅಂದಿದ್ದಾರೆ ಎಂದು ಅವರು ಉತ್ತರ ತಂದರು.

ನೋಡೋಣ ಅಂದಮೇಲೆ ನೋಡಲು ಬಂದೇ ಬರುತ್ತಾರೆ, ಕೇಂದ್ರ ನಡೆಸುವ ವಧು-ವರರ ಸಮಾವೇಶದಲ್ಲೇ, ಅಂದರೆ ಮೇಳಾವಾದಲ್ಲೇ, ಮಾತುಕತೆ ಮುಗಿಯುತ್ತದೆ ಎಂದು ಅವಿನಾಶ್ ಹೊಸ ಶರ್ಟು ಕೊಂಡ. ಆದರೆ ಫೈಲು ತೆರೆಯದೆ ಮೇಳಾವಾ ಇಲ್ಲ, ಮೇಳಾವಾ ಇಲ್ಲದೆ ಶಿವಾನಿ ಇಲ್ಲ.

ಹಳೆಯ ಫೈಲಿಗೂ ಹೊಸ ಆಫೀಸಿಗೂ ನೇರ ಮಾತಿಲ್ಲ. ನಡುವಿನ ಕಾಲದ ಆಫೀಸ್ ಇರುವ ಇನ್ನೊಂದು ಕಂಪ್ಯೂಟರ್ ಬೇಕು. ಮದುವೆ ದಲ್ಲಾಳಿಯ ಫೈಲಿಗೇ ಒಬ್ಬ ದಲ್ಲಾಳಿ! ಅಂಥದ್ದು ಪುಣೆಯಾಚೆಯ ಶಿರೂರಿನ ಗೊಬ್ಬರದಂಗಡಿಯಲ್ಲಿದೆ ಎಂದು ಮುರುಗೆಪ್ಪ ಪತ್ತೆ ಹಚ್ಚಿದರು. ಅವಿನಾಶ್ ಲಾರಿಗಳ ಹೊಗೆ, ಧೂಳು ಕುಡಿಯುತ್ತ ಬೈಕಿನಲ್ಲಿ ಹೋಗಿ, ಯೂರಿಯಾ ಚೀಲದ ಮೇಲೆ ಕೂತು, ಫೈಲನ್ನು ಒಂದು ತಲೆಮಾರು ಮುಂದಕ್ಕೆ ತಂದ. ವಾಪಸು ಬಂದು ಹೊಸದರಲ್ಲಿ ತೆರೆದರೆ ಪರದೆ ಬಂತು, ಗುಂಡಿಗಳು ಬಂದವು, ಒತ್ತಿದರೆ ಏನೂ ಬರಲಿಲ್ಲ. ಹಳೆಯ ಕನ್ನಡ ಫಾಂಟು ಇಲ್ಲದ್ದಕ್ಕೆ ವಧುಗಳ ಹೆಸರೆಲ್ಲ ಕೊಂಬು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳಾಗಿದ್ದವು. ಒಂದು ಟೇಬಲ್ಲಿಗೂ ಇನ್ನೊಂದಕ್ಕೂ ಇದ್ದ ಸಂಬಂಧ ಕಡಿದುಹೋಗಿ ಗೋತ್ರ ಒಂದು ಕಡೆ, ಗಂಡು ಒಂದು ಕಡೆ. ಒಂದು ತಪ್ಪನ್ನು ತಿದ್ದಿದರೆ ಅದರ ಬೆನ್ನ ಹಿಂದೆ ಅಡಗಿದ್ದ ಇನ್ನೊಂದು ತಪ್ಪು ತಲೆ ಎತ್ತುತ್ತಿತ್ತು. ಇದೆಲ್ಲ ಸಾಲದೆಂಬಂತೆ ಮುರುಗೆಪ್ಪ ಅವನ ಹಿಂದೆಯೇ ಕುರ್ಚಿ ಹಾಕಿಕೊಂಡು, ಮೊದಲಿನದರಲ್ಲಿ ಸುಮ್ಮನೆ ಒತ್ತಿದರೆ ಬರುತ್ತಿತ್ತಲ್ಲ ಎಂದು ಗಳಿಗೆಗೊಮ್ಮೆ ನೆನಪಿಸುತ್ತಿದ್ದರು. ಅವಿನಾಶನ ಹಲ್ಲುಗಳು ಒಂದರ ಮೇಲೊಂದು ಕೂತು ಸವೆಯತೊಡಗಿದವು.

ಅಂತೂ ಎಲ್ಲ ಮುಗಿದು 'ಉತ್ತರ' ಎಂಬ ಒಂದು ಕಾಲಂ ಉಳಿಯಿತು. ಬಂದ ಸಂಬಂಧಕ್ಕೆ ಮನೆಯವರು ಏನೆಂದರು ಎಂಬುದು ಅದರಲ್ಲಿ ಅಂಕಿಯಾಗಿ ಕೂತಿತ್ತು.

"ಸಾರ್, ಒಂದು ಅಂದ್ರೆ ಯೆಸ್, ಸೊನ್ನೆ ಅಂದ್ರೆ ನೋ. ಈ ಎರಡು ಏನು?"

"ಎರಡು ಅಂದ್ರ ನೋಡೂಣ್ರಿ."

"ಹಾಗಾದ್ರೆ ಪಾಸಿಟಿವ್ವೇ."

ಮುರುಗೆಪ್ಪ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಫೋನ್ ಬಂತು, ತೆರೆದ ಬಾಯಿ ಮರಾಠಿಗೆ ಹೊರಳಿತು. ಕಾಯುವ ತಾಳ್ಮೆ ಅವಿನಾಶನಲ್ಲಿ ಉಳಿದಿರಲಿಲ್ಲ. ಕಾಲಮ್ಮನ್ನು ಹೌದು-ಇಲ್ಲ ಎಂದು ಬದಲಿಸಿಬಿಟ್ಟ. ಸೊನ್ನೆಯಲ್ಲದ್ದೆಲ್ಲ ಹೌದು, ಅದು ಕಂಪ್ಯೂಟರಿನ ನ್ಯಾಯ. ಹೌದು ಅಂದವರ ಮೊಬೈಲಿಗೆಲ್ಲ ಸಂದೇಶ ಹೋಯಿತು: ನೀವು ಒಪ್ಪಿದ, ನಿಮ್ಮನ್ನೂ ಒಪ್ಪಿದ ಸಂಬಂಧದವರು ಭಾನುವಾರ ಬರುತ್ತಿದ್ದಾರೆ, ನೀವೂ ಬನ್ನಿ.

ಭಾನುವಾರ ವಾಡೆಯ ಮೆಟ್ಟಿಲು ಸಾಲಲಿಲ್ಲ. ಒಬ್ಬ ಹುಡುಗನಿಗೆ ಮೂರು ಕಡೆಯ ಬೀಗರು ಪೇಢೆ ತಿನ್ನಿಸುತ್ತಿದ್ದರು. ಮಗಳಿಗೆ ಬಂದ ಗಂಡುಗಳಿಗೆಲ್ಲ ವರ್ಷಗಟ್ಟಲೆ ನೋಡೂಣ್ರಿ ಅಂದುಕೊಂಡು ಬಂದಿದ್ದ ತಂದೆಯೊಬ್ಬರು, ಆ ಗಂಡುಗಳೆಲ್ಲ ಒಟ್ಟಿಗೆ ನಮಸ್ಕಾರ ಮಾಡಿದ್ದನ್ನು ಕಂಡು ಕಂಬ ಹಿಡಿದು ನಿಂತಿದ್ದರು. ಈ ಗದ್ದಲವನ್ನು ಸೀಳಿಕೊಂಡು ಖಡಕಿಯ ಭೀಮವ್ವ, ಹಿಂದೆ ಮಗಳು ಶಿವಾನಿ, ಮೇಲೆ ಬಂದರು. ಅವಿನಾಶ್ ಶರ್ಟಿನ ಕಾಲರ್ ಸರಿಮಾಡಿಕೊಂಡ.

"ನಾವು ನೋಡೂಣ್ರಿ ಅಂದಿದ್ವಿ," ಎಂದರು ಭೀಮವ್ವ. "ಹೂಂ ಅಂತ ಯಾವಾಗ ಅಂದ್ವಿ?"

"ಅದೇ ಅಲ್ವಾಮ್ಮ, ನೋಡೋಣ ಅಂದ್ರಿ. ಅದಕ್ಕೇ ನೋಡೋಕೆ ಕರೆದಿದ್ದು."

ಭೀಮವ್ವ ಅವನನ್ನು ಬಿಟ್ಟು ಮುರುಗೆಪ್ಪನವರ ಕಡೆ ತಿರುಗಿದರು. "ಇವರು ಯಾವ ಕಡೆಯವರ್ರೀ?"

"ಮೈಸೂರ ಕಡೆ," ಎಂದರು ಮುರುಗೆಪ್ಪ, ರೋಗದ ಹೆಸರು ಹೇಳುವಷ್ಟು ಮೆಲ್ಲಗೆ.

ಆಮೇಲೆ ಅವರೇ ಅವನನ್ನು ಮೂಲೆಗೆ ಕರೆದು ತಿಳಿಸಿದರು. ಮನೆಗೆ ಬಂದ ಸಂಬಂಧಕ್ಕೆ ಮುಖದ ಮೇಲೆ ಇಲ್ಲ ಅನ್ನುವುದು ತಮ್ಮ ಕಡೆ ಮರ್ಯಾದೆಯಲ್ಲ, ಅದಕ್ಕೇ ನೋಡೂಣ್ರಿ ಅನ್ನುತ್ತಾರೆ, ಕೇಳಿದವರು ತಿಳಿದುಕೊಂಡು ಬೇರೆ ಮನೆ ನೋಡುತ್ತಾರೆ. ಸೊನ್ನೆ ಹಾಕುವುದು ಜಾತಕ ಕೂಡದಿದ್ದರೆ ಮಾತ್ರ. ಅವಿನಾಶ್ ಕೇಳಿಸಿಕೊಂಡ. ಶಿರೂರಿನ ಧೂಳು ಈಗ ಬಾಯಿಗೆ ಬಂದಂತಾಯಿತು. ನೇರ ಭೀಮವ್ವನ ಮುಂದೆ ಹೋಗಿ, ತನ್ನದಕ್ಕೆ ನಿಜವಾದ ಉತ್ತರ ಏನೆಂದು ಕೇಳಿದ. ಅವರು ಸೆರಗು ಸರಿಮಾಡಿಕೊಂಡು ನೆಲ ನೋಡಿದರು.

"ಅವ್ವಗ ಇಲ್ಲ ಅನ್ನಾಕ ಬರೂದಿಲ್ರಿ," ಎಂದಳು ಶಿವಾನಿ. "ನನಗ ಬರ್ತದ. ನನಗ ಮನಸಿಲ್ಲ. ನಿಮ್ಮ ಮ್ಯಾಲೆ ಸಿಟ್ಟೇನಿಲ್ಲ."

ಖಡಕಿಯ ಹುಡುಗಿ, ಖಡಕ್ ಉತ್ತರ. ಎದೆ ಚುಳ್ಳೆಂದಿತು. ಆದರೆ ಇಷ್ಟು ದಿನದ ಒದ್ದಾಟದಲ್ಲಿ ಅವನಿಗೆ ಅರ್ಥವಾಗುವ ಎರರ್ ಮೆಸೇಜ್ ಸಿಕ್ಕಿದ್ದು ಇದೇ ಮೊದಲು.

ಥ್ಯಾಂಕ್ಸ್ ಎಂದು ಕಂಪ್ಯೂಟರಿನ ಮುಂದೆ ಕೂತ. ಕಾಲಮ್ಮನ್ನು ಮತ್ತೆ ಅಂಕಿಗೆ ತಂದು, ತನ್ನ ಸಾಲಿಗೆ ಹೋಗಿ ಮೊದಲು ಸೊನ್ನೆ ಒತ್ತಿದ. ಉಳಿದವರಿಗೆ ಶಿರೂರಿನಿಂದ ತಂದಿದ್ದ ಪ್ರತಿ ನೋಡಿ ಒಂದೊಂದಾಗಿ ಎರಡು ತುಂಬತೊಡಗಿದ. ಹಡಪಸರದ ಒಂದು ಗಂಡು, ಕೋಥ್ರೂಡದ ಒಂದು ಹೆಣ್ಣು ಇದ್ದ ಸಾಲಿಗೆ ಬಂದಾಗ ಮುರುಗೆಪ್ಪ ಅವನ ಕೈ ಹಿಡಿದರು.

"ಅದೊಂದು ಮುಟ್ಟಬ್ಯಾಡ್ರಿ."

"ಸಾರ್, ಇಬ್ಬರದೂ ಎರಡೇ. ಇಬ್ಬರಿಗೂ ಬೇಡ."

"ಬ್ಯಾಡ ಅಂತ ಯಾರೂ ಅಂದಿಲ್ಲಲ್ರಿ. ಅವರು ಒಪ್ಯಾರ ಅಂತ ಇವರು, ಇವರು ಒಪ್ಯಾರ ಅಂತ ಅವರು, ಕೆಳಗ ತಾರೀಖು ಹಿಡಿಯಾಕತ್ತಾರ."

ಅವಿನಾಶ್ ಕಿಟಕಿಯಿಂದ ಬಗ್ಗಿ ನೋಡಿದ. ಅಂಗಳದಲ್ಲಿ ಎರಡೂ ಮನೆಯ ಹಿರಿಯರು ಕಲ್ಯಾಣ ಮಂಟಪ ನಿಮ್ಮ ಕಡೆಯೋ ನಮ್ಮ ಕಡೆಯೋ ಎಂದು ದನಿ ಏರಿಸಿದ್ದರು. ಹುಡುಗ, ಹುಡುಗಿ ಮಾತ್ರ ಸ್ಕೂಟರುಗಳ ನಡುವೆ ನಿಂತು ಏನೋ ನಗುತ್ತಿದ್ದರು. ಅವನು ಮೌಸನ್ನು ಜರುಗಿಸಿ ಮುಂದಿನ ಸಾಲಿಗೆ ಹೋದ.