ಸಿಡುಕು ಮೋರೆ ಹೆಕ್ಕುವವಳು

ಆ ದೊಡ್ಡ ಬಟ್ಟೆ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅವಳು 'ಹದ್ದು'. ಮೂರನೇ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಹದಿನಾರು ಕ್ಯಾಮೆರಾ ಪರದೆಗಳ ಮುಂದೆ ಕಳ್ಳರನ್ನು ಕಾಯುತ್ತಾ ಕೂತು, ನೂರಾರು ಜನರ ನಡುವಿನ ಒಂದೇ ಒಂದು ಸಿಡುಕು ಮೋರೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹೆಕ್ಕುತ್ತಿದ್ದಳು. ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ ಅದು. ಅಪ್ಪ ಹೊಸ್ತಿಲು ದಾಟುವ ಮೊದಲೇ ಅವನ ಹುಬ್ಬು ಓದಿ, ತಮ್ಮನನ್ನು ಮಂಚದ ಕೆಳಗೆ ತಳ್ಳಿ ಬೆಳೆದವಳು. ಅಪ್ಪ ನಗುತ್ತಾ ಬಂದ ದಿನಗಳೂ ಇದ್ದಿರಬೇಕು. ಅವಳಿಗೆ ಒಂದೂ ನೆನಪಿಲ್ಲ.

ಅವತ್ತು ಮಧ್ಯಾಹ್ನ ಏಳನೇ ಪರದೆಯಲ್ಲಿ ಒಬ್ಬ ಮುದುಕ ಕಣ್ಣಿಗೆ ಬಿದ್ದ. ಹಲ್ಲು ಕಚ್ಚಿಕೊಂಡು, ಜನರನ್ನು ತಳ್ಳಿಕೊಂಡು, ಬಟ್ಟೆ ಸಾಲುಗಳ ಹಿಂದೆಲ್ಲ ಇಣುಕುತ್ತಿದ್ದ.

"ಕಂದು ಕೋಟು. ಹಿಡ್ಕೊಳಿ," ಎಂದಳು ವಾಕಿಟಾಕಿಯಲ್ಲಿ.

ಕಾವಲುಗಾರರು ರಟ್ಟೆ ಹಿಡಿದು ಅವನನ್ನು ಹಿಂದಿನ ಕೋಣೆಗೆ ದಬ್ಬಿದರು.

"ನನ್ ಹೆಂಡ್ತಿ ಕಾಣಿಸ್ತಿಲ್ಲ ಕಣ್ರಪ್ಪಾ! ಅವಳಿಗೆ ಮರೆವು, ತನ್ನ ಹೆಸರೂ ನೆನಪಿಲ್ಲ!"

"ಎಲ್ರೂ ಇದೇ ಪುರಾಣ ಹೇಳೋದು ಅಜ್ಜಾ. ಜೇಬು ಖಾಲಿ ಮಾಡಿ."

ಅಷ್ಟಾದರೂ ಹಿರಿಯ ಕಾವಲುಗಾರನಿಗೆ ಮನಸ್ಸು ತಡೆಯಲಿಲ್ಲ. "ಅಕ್ಕಾ, ದಾರಿ ತಪ್ಪಿದ ಅಜ್ಜಿ ಯಾರಾದ್ರೂ ಕಾಣ್ತಾರಾ ನೋಡಿ," ಎಂದು ಮೇಲಕ್ಕೆ ಕೇಳಿದ.

ದಾರಿ ತಪ್ಪಿದವರ ಮುಖ ಹೇಗಿರುತ್ತದೆಂದು ಹದ್ದಿಗೆ ಚೆನ್ನಾಗಿ ಗೊತ್ತಿತ್ತು. ಗಾಬರಿಗಣ್ಣು, ಅಳುಬಾಯಿ. ಹದಿನಾರು ಪರದೆಗಳನ್ನೂ ಜಾಲಾಡಿದಳು.

"ಯಾರೂ ಇಲ್ಲ. ಸುಳ್ಳು ಬೊಗಳ್ತಿದಾನೆ."

ಅರ್ಧ ಗಂಟೆಯ ನಂತರ ಬೀದಿಯಲ್ಲಿ ಲಾರಿಯೊಂದರ ಬ್ರೇಕು ಕಿರುಚಿತು. ಚಕ್ರದಡಿ ಸಿಕ್ಕಿದ್ದು ಒಬ್ಬ ಮುದುಕಿ.

ಮ್ಯಾನೇಜರ್ ಓಡಿಬಂದು ಹಳೆಯ ದೃಶ್ಯ ತಿರುಗಿಸಿ ಹಾಕಿಸಿದ. ಮೂರನೇ ಪರದೆ. ಚಪ್ಪಲಿ ವಿಭಾಗದ ಕುರ್ಚಿಯಲ್ಲಿ, ನಟ್ಟ ನಡುವೆ, ಮುದುಕಿ ಕೂತಿದ್ದಳು. ಉದ್ದಕ್ಕೂ ನಗುತ್ತಲೇ ಇದ್ದಳು. ಒಮ್ಮೆ ಕ್ಯಾಮೆರಾದತ್ತ ಕೈಯನ್ನೂ ಬೀಸಿದಳು. ಆಮೇಲೆ ಎದ್ದು, ನಗುತ್ತಲೇ, ಬಾಗಿಲು ದಾಟಿ ಹೋದಳು.

"ಅಳಿಸ್ಬಿಡು," ಎಂದ ಮ್ಯಾನೇಜರ್.

ಅಳಿಸಿದಳು.

ಸಂಜೆ ಮುದುಕ ಮೆಟ್ಟಿಲು ಹತ್ತಿ ಬಂದ. ಕೋಟಿನ ತೋಳು ಹರಿದಿತ್ತು. "ಕೊನೇಗೆ ಅವಳು ಎಲ್ಲಿದ್ಲು ಅಂತ ಒಂದ್ಸಲ ತೋರಿಸ್ತೀಯಾ ಮಗಳೇ? ಅಳ್ತಿದ್ಲೇನೋ..."

"ಆ ಕ್ಯಾಮೆರಾ ಕೆಟ್ಟಿತ್ತು ಅಜ್ಜಾ."

ಅವನ ಮುಖದಲ್ಲಿ ಸಿಟ್ಟು ಏರುವುದನ್ನೇ ಅವಳು ಕಾಯುತ್ತಾ ಕೂತಳು. ಏರಲಿಲ್ಲ.

"ಹೋಗ್ಲಿ ಬಿಡಮ್ಮ. ನೀನಾದ್ರೂ ಹುಡುಕಿದ್ಯಂತಲ್ಲ, ಅಷ್ಟೇ ಸಾಕು," ಎಂದವನು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದ.